ಹದಿನೈದು ಕಿಲೋಮೀಟರಿನ ಹಗೆತನ

ಅಥೆನ್ಸ್ ಮತ್ತು ಸ್ಪಾರ್ಟಾ ಕ್ರಿ.ಪೂ. 431ರಿಂದ 404ರವರೆಗೆ ಕಾದಾಡಿದ್ದನ್ನು ಈ ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೆ. ಅಂಥದೇ ಊರೂರಿನ ಹಗೆತನ ನಮ್ಮ ಪಕ್ಕದಲ್ಲೇ ನಡೆದಿತ್ತು. ಮೈಸೂರಿಗೂ ಶ್ರೀರಂಗಪಟ್ಟಣಕ್ಕೂ ಸುಮಾರು 15 ಕಿ.ಮೀ., ಬಸ್ಸಿನಲ್ಲಿ ಒಂದು ನಿದ್ದೆಗೂ ಸಾಲದು! ಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿ ತಿರುಮಲರಾಜ. ಮೈಸೂರಿನಲ್ಲಿ ಅವನಿಗೆ ಕಪ್ಪ ಕೊಡಬೇಕಾದ ರಾಜ ಒಡೆಯರು. 1565ರ ತಾಳಿಕೋಟೆ ಸೋಲಿನ ನಂತರ ವಿಜಯನಗರದ ಹಿಡಿತ ಸಡಿಲವಾಗಿತ್ತು. 1610ರಲ್ಲಿ ಒಡೆಯರು ಪಟ್ಟಣವನ್ನು ವಶಪಡಿಸಿಕೊಂಡು ರಾಜಧಾನಿ ಮಾಡಿಕೊಂಡರು, ಅದೇ ವರ್ಷ ಅಲ್ಲಿ ದಸರಾ ಆರಂಭಿಸಿದರು. ಗೆದ್ದವರ ದಸರಾಕ್ಕೆ ನಾವು ಇಂದಿಗೂ ಹೋಗುತ್ತೇವೆ. ಸೋತವರ ಕಡೆಯಿಂದ ಜನರ ಬಾಯಲ್ಲಿ ಉಳಿದದ್ದು ಅಲಮೇಲಮ್ಮನ ಶಾಪದ ಕಥೆಯೊಂದೇ.

ಗ್ರೀಸಿನಲ್ಲಿ ಕಾದಾಡಿದ ಎರಡೂ ನಗರಗಳು ಸೊರಗಿದವು, ಕೊನೆಗೆ ಮೇಲುಗೈಯಾದದ್ದು ಮ್ಯಾಸಿಡೋನಿಯಾ. ಇಲ್ಲಿ ಗೆದ್ದವರು ಬೆಳೆಯುತ್ತಲೇ ಹೋದರು. 1630ರಲ್ಲಿ ಚನ್ನಪಟ್ಟಣದ ಜಗದೇವರಾಯರ ಮನೆತನದ ಕೈಯಲ್ಲಿದ್ದ ನಾಗಮಂಗಲವೂ ಮೈಸೂರಿನ ಪಾಲಾಯಿತು.