ಅನಾನಸ್ ಇಲ್ಲದ ಅನಾನಸ್ ಬನ್ನು

ಹಾಂಗ್‌ಕಾಂಗ್‌ನ ಹಳೆಯ ಬೇಕರಿಯೊಂದರಲ್ಲಿ ನೀವು ‘ಬೋ ಲೋ ಬಾವ್’ ಬೇಕೆಂದು ಕೇಳಿದಿರಿ ಎಂದಿಟ್ಟುಕೊಳ್ಳಿ. ಕ್ಯಾಂಟನೀಸ್ ಭಾಷೆಯಲ್ಲಿ ‘ಬೋ ಲೋ’ ಎಂದರೆ ಅನಾನಸ್, ‘ಬಾವ್’ ಎಂದರೆ ಬನ್ನು. ಕೈಗೆ ಬಂದ ಬನ್ನಿನಲ್ಲಿ ಅನಾನಸಿನ ಹೋಳಿರಲಿ, ವಾಸನೆಯೂ ಇರುವುದಿಲ್ಲ. ಅಂಗಡಿಯವನೊಡನೆ ಜಗಳಕ್ಕೆ ನಿಲ್ಲಬೇಡಿ. ಬೂದುಗುಂಬಳದ ಹೂರಣ ತುಂಬಿದ ‘ಹೆಂಡತಿ ಕಜ್ಜಾಯ’ ಎಂಬ ತಿಂಡಿಯೂ ಅಲ್ಲುಂಟು. ಅದರಲ್ಲಿ ಹೆಂಡತಿ ಇಲ್ಲ, ಇದರಲ್ಲಿ ಅನಾನಸ್ ಇಲ್ಲ ಎಂದು ಅಲ್ಲಿಯ ಜನರೇ ನಗುತ್ತಾರೆ.

ಹೆಸರು ಬಂದದ್ದು ರೂಪದಿಂದ. ಹುದುಗು ಬಂದ ಮೆತ್ತನೆಯ ಮೈದಾ ಉಂಡೆಯ ಮೇಲೆ ಸಕ್ಕರೆ, ಹಿಟ್ಟು, ಮೊಟ್ಟೆ, ಕೊಬ್ಬು ಸೇರಿಸಿ ನಾದಿದ ಇನ್ನೊಂದು ಹಿಟ್ಟನ್ನು ತೆಳುವಾಗಿ ತಟ್ಟಿ ಹೊದಿಸುತ್ತಾರೆ. ಹಿಂದೆ ಈ ಕೊಬ್ಬು ಸಾಮಾನ್ಯವಾಗಿ ಹಂದಿಯದು. ಸಸ್ಯಾಹಾರಿಗಳು ತಿನ್ನುವ ಮೊದಲು ಕೇಳಿ ತಿಳಿಯುವುದು ಒಳ್ಳೆಯದು. ಒಲೆಯ ಶಾಖಕ್ಕೆ ಒಳಗಿನ ಬನ್ನು ಉಬ್ಬುತ್ತದೆ, ಮೇಲಿನ ಹೊದಿಕೆ ಅಷ್ಟು ಹಿಗ್ಗಲಾರದೆ ಬಿರಿಯುತ್ತದೆ. ಚಿನ್ನದ ಬಣ್ಣದ ಆ ಬಿರುಕುಗಳೇ ಅನಾನಸಿನ ಸಿಪ್ಪೆಯನ್ನು ನೆನಪಿಸುವುದು. ಜಪಾನಿನಲ್ಲಿ ಇಂಥದೇ ಬನ್ನಿಗೆ ಕರಬೂಜದ ಹೆಸರಿದೆ, ಮೆಕ್ಸಿಕೋದಲ್ಲಿ ಚಿಪ್ಪಿನ ಹೆಸರಿದೆ. ಯಾರಿಂದ ಯಾರು ಕಲಿತರೆಂಬ ವಾದ ಮುಗಿಯುವಂಥದಲ್ಲ.

ಅನ್ನ ಉಣ್ಣುವ ದಕ್ಷಿಣ ಚೀನಾದ ಜನರಿಗೆ ಬಾವ್ ಎಂದರೆ ಮೂಲತಃ ಹಬೆಯಲ್ಲಿ ಬೇಯಿಸಿದ್ದು. ಒಲೆಯಲ್ಲಿ ಸುಟ್ಟ ಬ್ರೆಡ್ಡು ಅವರಿಗೆ ಬಂದದ್ದು ಪಾಶ್ಚಾತ್ಯರಿಂದ. 1841ರಲ್ಲಿ ಬ್ರಿಟಿಷರು ಹಾಂಗ್‌ಕಾಂಗ್ ದ್ವೀಪವನ್ನು ಹಿಡಿದ ಮೇಲೆ ಅವರ ಚಹ, ಬೆಣ್ಣೆ, ರೊಟ್ಟಿಗಳೂ ಬಂದವು. ಆದರೆ ಅವು ದೊರೆಗಳ ಹೋಟೆಲಿನ ವಸ್ತುಗಳಾಗಿಯೇ ಬಹುಕಾಲ ಉಳಿದವು. ಚಿತ್ರ ಬದಲಾದದ್ದು ಎರಡನೆಯ ಮಹಾಯುದ್ಧದ ನಂತರ. 1945ರಲ್ಲಿ ಸುಮಾರು 6 ಲಕ್ಷವಿದ್ದ ಜನಸಂಖ್ಯೆ, ಚೀನಾದ ಅಂತರ್ಯುದ್ಧದಿಂದ ಓಡಿಬಂದ ನಿರಾಶ್ರಿತರಿಂದಾಗಿ 1950ರ ದಶಕದ ಆರಂಭಕ್ಕೆ 20 ಲಕ್ಷ ಮುಟ್ಟಿತು. ಹೊಟ್ಟೆ ತುಂಬಬೇಕು, ಕೈಯಲ್ಲಿ ಕಾಸು ಕಡಿಮೆ. ಸಾದಾ ಬನ್ನು ಸಪ್ಪೆ ಎನಿಸಿದ್ದಕ್ಕೇ ಮೇಲೆ ಸಕ್ಕರೆಯ ಹೊದಿಕೆ ಬಂತೆಂದು ಅಲ್ಲಿ ಹೇಳುತ್ತಾರೆ. ಕಥೆ ನಂಬುವಂಥದೇ.

ಆ ಕಾಲದಲ್ಲಿ ಬೆಳೆದದ್ದು ‘ಚಾ ಚಾನ್ ತೆಂಗ್’ ಎಂಬ ಅಗ್ಗದ ಉಪಾಹಾರ ಗೃಹಗಳು. ಸಾಹೇಬರ ಊಟವನ್ನು ಕೂಲಿಯವನ ಜೇಬಿಗೆ ಇಳಿಸಿದ್ದು ಇವೇ. ಸಿಲೋನ್ ಚಹಪುಡಿಯನ್ನು ಬಟ್ಟೆಯ ಚೀಲದಲ್ಲಿ ಮತ್ತೆ ಮತ್ತೆ ಸೋಸಿ, ಡಬ್ಬಿಯ ಗಟ್ಟಿಹಾಲು ಬೆರೆಸಿದ ಕಡುಚಹ. ಜೊತೆಗೆ ಬಿಸಿ ಬನ್ನು. ವಾನ್‌ಚಾಯ್ ಬಡಾವಣೆಯಲ್ಲಿ 1956ರಲ್ಲಿ ಆರಂಭವಾದ ಕಾಮ್ ಫುಂಗ್ ಈ ಜೋಡಿಗೇ ಹೆಸರಾದದ್ದು. ‘ಸಾಮ್ ದಿಮ್ ಸಾಮ್’, ಅಂದರೆ ಮೂರೂ ಕಾಲು ಗಂಟೆ, ಕಟ್ಟಡ ಕಾರ್ಮಿಕರೂ ಗುಮಾಸ್ತರೂ ಚಹಕ್ಕೆ ಏಳುವ ಹೊತ್ತು. ಬಿಸಿ ಬನ್ನನ್ನು ಸೀಳಿ ತಣ್ಣನೆಯ ಬೆಣ್ಣೆಯ ದಪ್ಪ ಹಲ್ಲೆಯೊಂದನ್ನು ಇಟ್ಟರೆ ಅದು ‘ಬೋ ಲೋ ಯಾವ್’. ನಮ್ಮ ಬೇಕರಿಗಳ ಬೆಣ್ಣೆ ಬನ್ನು ತಿಂದವರು ಇದು ಗೊತ್ತಿದ್ದದ್ದೇ ಎನ್ನಬಹುದು, ಆದರೆ ಇಲ್ಲಿ ಬೆಣ್ಣೆಯನ್ನು ಸವರುವುದಿಲ್ಲ. 2004ರಲ್ಲಿ ತೆರೆಕಂಡ, ಮಕ್‌ಡಲ್ ಎಂಬ ಹಂದಿಮರಿಯ ಕಾರ್ಟೂನ್ ಚಲನಚಿತ್ರದ ಕ್ಯಾಂಟನೀಸ್ ಹೆಸರಿನಲ್ಲಿ ಈ ಬನ್ನಿನ ರಾಜಕುಮಾರನೇ ಇದ್ದಾನೆ. ತಿಂಡಿಯೊಂದು ಊರಿನ ಅಕ್ಕರೆಯ ಅಡ್ಡಹೆಸರಾಗುವ ಬಗೆ ಇದು.

ಆಡಳಿತ 1997ರಲ್ಲಿ ಚೀನಾಕ್ಕೆ ಮರಳಿದ ಮೇಲೆ, ‘ನಮ್ಮದು’ ಎನ್ನುವುದು ಯಾವುದು ಎಂಬ ಪ್ರಶ್ನೆ ಅಲ್ಲಿ ಗಟ್ಟಿಯಾಯಿತು. 2014ರಲ್ಲಿ ಸರ್ಕಾರ ಪ್ರಕಟಿಸಿದ 480 ಬಾಬುಗಳ ಅಮೂರ್ತ ಪರಂಪರೆಯ ಪಟ್ಟಿಯಲ್ಲಿ ಈ ಬನ್ನು ಮಾಡುವ ಕುಶಲತೆಗೂ ಸ್ಥಾನ ದೊರೆಯಿತು. 2017ರಲ್ಲಿ ಆ ಪಟ್ಟಿಯಿಂದ 20 ಬಾಬುಗಳನ್ನು ಆರಿಸಿದಾಗ ಹಾಲು ಚಹದ ತಯಾರಿಕೆ ಮೇಲೇರಿತು. ಬನ್ನು ಕೆಳಗೇ ಉಳಿಯಿತು. ಚಹ ಸೋಸುವವನಿಗೆ ಸಿಕ್ಕ ಮಾನ ಹಿಟ್ಟು ನಾದುವವನಿಗೆ ಸಿಗಲಿಲ್ಲವೆಂದು ನನಗೆ ಸ್ವಲ್ಪ ಬೇಸರವೇ.

ಪಟ್ಟಿಯಿಂದ ಬಾಡಿಗೆಯೂ ಕಡಿಮೆಯಾಗುವುದಿಲ್ಲ. ಹಾಂಗ್‌ಕಾಂಗ್‌ನಲ್ಲಿ ನೆಲ ದುಬಾರಿ. ಹಳೆಯ ಕಟ್ಟಡ ಕೆಡವಿದಾಗ ಅದರ ಕೆಳಗಿದ್ದ ಬೇಕರಿ ಹೊಸ ಬಾಡಿಗೆ ತೆರಲಾರದೆ ಮುಚ್ಚುತ್ತದೆ. ಬನ್ನಿನ ಹೊದಿಕೆ ಗರಿಗರಿಯಾಗಿರುವುದು ಕೆಲವೇ ಗಂಟೆ. ಆಮೇಲೆ ಒಳಗಿನ ತೇವ ಏರಿ, ಸಕ್ಕರೆ ನೀರೊಡೆದು, ಮೇಲ್ಮೈ ಮೆತ್ತಗಾಗುತ್ತದೆ. ದೂರದಲ್ಲಿ ಬೇಯಿಸಿ ತಂದಿಟ್ಟರೆ ಅದೇ ಹೆಸರಿನ ಬೇರೆ ತಿಂಡಿ. ಅಂಗಡಿಯ ಹಿಂಬದಿಯಲ್ಲೇ ಒಲೆ ಇರಬೇಕು, ತಟ್ಟೆ ಹೊರಬರುವ ಹೊತ್ತು ಬೀದಿಯವರಿಗೆ ಗೊತ್ತಿರಬೇಕು, ಮೂರೂ ಕಾಲಕ್ಕೆ ಯಾರಾದರೂ ಕಾದು ನಿಂತಿರಬೇಕು.