ಮುಲ್ಕಿ ಯಾರು, ಗೈರ್‌ಮುಲ್ಕಿ ಯಾರು?

ಉದಗೀರದ ಹೆಣ್ಣು ಭಾಲ್ಕಿಗೆ ಸೊಸೆಯಾಗಿ ಬರುವುದು, ಔರಾದಿನ ಹುಡುಗಿ ನಾರಾಯಣಖೇಡಕ್ಕೆ ಹೋಗುವುದು ಈ ಸೀಮೆಯಲ್ಲಿ ಹೊಸ ಸಂಗತಿಯೇನಲ್ಲ. 1956ರ ತನಕ ಇವೆಲ್ಲ ಒಂದೇ ಬೀದರ್ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಆ ವರ್ಷದ ನವೆಂಬರ್ 1ರಂದು ಉದಗೀರ, ನಿಲಂಗಾ, ಅಹಮದ್‌ಪುರ ಮುಂಬಯಿ ರಾಜ್ಯದ ಪಾಲಾದವು. ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಪ್ರದೇಶಕ್ಕೆ ಹೋದವು. ಬೀದರ್, ಭಾಲ್ಕಿ, ಔರಾದ್ ಮೈಸೂರಿಗೆ ಬಂದವು. ರಾತ್ರಿ ಬೆಳಗಾಗುವುದರೊಳಗೆ ಬೀಗರು ಪರರಾಜ್ಯದವರಾದರು.

ನೌಕರಿಗೆ ಅರ್ಜಿ ಹಾಕುವಾಗ 'ನೀವು ಇಲ್ಲಿಯವರೇ?' ಎಂದು ಕೇಳುವುದು ಮಾತ್ರ ರಾಜ್ಯ ಪುನರ್ವಿಂಗಡಣೆಗಿಂತ ಬಹಳ ಹಳೆಯದು. ಹಾಗೆ ನೋಡಿದರೆ ಬೀದರ್ ಕೋಟೆಯಷ್ಟೇ ಹಳೆಯದು ಎನ್ನಬಹುದು. ಬಹಮನಿ ಆಸ್ಥಾನದಲ್ಲಿ ಮೊದಲೇ ನೆಲೆಸಿದ್ದವರು ದಖನಿಗಳು. ಪರ್ಷಿಯಾ, ತುರ್ಕಿ ಕಡೆಯಿಂದ ಹೊಸದಾಗಿ ಬಂದವರು ಆಫಾಕಿಗಳು. ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗೀಲಾನಿನಿಂದ ಬಂದ ಮಹಮೂದ್ ಗವಾನ್ ಇಲ್ಲಿ ಪ್ರಧಾನಿಯಾದ, 1472ರ ಹೊತ್ತಿಗೆ ಮದರಸಾ ಕಟ್ಟಿಸಿದ. ಎರಡೂ ಬಣಗಳಿಗೆ ಅಧಿಕಾರ ಹಂಚಿ ಸಮತೋಲ ಕಾಯಲು ಯತ್ನಿಸಿದ ಆತನನ್ನು ಅವನದೇ ಮುದ್ರೆಯೊತ್ತಿದ ಖೊಟ್ಟಿ ಪತ್ರವೊಂದು ಬಲಿ ತೆಗೆದುಕೊಂಡಿತು. 1481ರಲ್ಲಿ ಸುಲ್ತಾನನ ಆಜ್ಞೆಯಂತೆ ಆತನ ಶಿರಚ್ಛೇದವಾಯಿತು. ಮದರಸಾದ ಉಳಿದ ಮಿನಾರು ಇಂದಿಗೂ ನಿಂತಿದೆ.

ನಾಲ್ಕು ಶತಮಾನಗಳ ನಂತರ ಇದೇ ಜಗಳ ಹೈದರಾಬಾದಿನಲ್ಲಿ ಬೇರೆ ಹೆಸರಿನಿಂದ ಎದ್ದಿತು. 1853ರಿಂದ 1883ರವರೆಗೆ ದಿವಾನನಾಗಿದ್ದ ಮೊದಲನೇ ಸಾಲಾರ್ ಜಂಗ್ ಆಡಳಿತ ಸುಧಾರಣೆಗೆಂದು ಉತ್ತರ ಭಾರತದಿಂದ ಓದಿದವರನ್ನು ಕರೆಸಿದ. ಅವರು ಒಳ್ಳೆಯ ಕೆಲಸ ಮಾಡಿದರೆನ್ನುವುದು ನಿಜ. ದೊಡ್ಡ ಹುದ್ದೆಗಳು ಅವರ ಕೈ ಸೇರಿದವೆಂಬುದೂ ಅಷ್ಟೇ ನಿಜ. 'ಮುಲ್ಕ್' ಎಂದರೆ ನಾಡು. ನಾಡಿನವ ಮುಲ್ಕಿ, ಹೊರಗಿನವ ಗೈರ್‌ಮುಲ್ಕಿ. 1919ರಲ್ಲಿ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಹೊರಡಿಸಿದ ಫರ್ಮಾನಿನಂತೆ ಈ ಭೇದ ಕಾಗದಕ್ಕಿಳಿಯಿತು. ಮುಲ್ಕಿಯಲ್ಲದವನಿಗೆ ನಿಜಾಮರ ವಿಶೇಷ ಅಪ್ಪಣೆಯಿಲ್ಲದೆ ಜವಾನನ ಕೆಲಸವೂ ಇಲ್ಲ.

ಮುಲ್ಕಿಯಾಗಲು ನಾಲ್ಕು ದಾರಿಗಳಿದ್ದವು. ತಂದೆ ಮುಲ್ಕಿಯಾಗಿದ್ದಾಗ ಹುಟ್ಟಿದವನು ಹುಟ್ಟಿನಿಂದಲೇ ಮುಲ್ಕಿ. ಮುಲ್ಕಿಯ ಹೆಂಡತಿ ಮುಲ್ಕಿ. ತಂದೆ 15 ವರ್ಷ ಸರ್ಕಾರಿ ಸೇವೆ ಮುಗಿಸಿ, ಮಗು ಹುಟ್ಟಿದಾಗಲೂ ಸೇವೆಯಲ್ಲಿದ್ದರೆ ಆ ಮಗು ಮುಲ್ಕಿ. ಇನ್ನು ನಾಲ್ಕನೆಯದು ವಾಸ: ಸಂಸ್ಥಾನದಲ್ಲಿ ಕನಿಷ್ಠ 15 ವರ್ಷ ಕಾಯಂ ನೆಲೆಸಿರಬೇಕು. ಅಷ್ಟೇ ಸಾಲದು. ಮೊದಲಿನ ಊರಿಗೆ ಮರಳುವ ಯೋಚನೆಯನ್ನೇ ಬಿಟ್ಟಿದ್ದೇನೆಂದು ನಿಗದಿತ ನಮೂನೆಯಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಬೇಕು.

ಇಂದು ಅಮೆರಿಕದ ಗ್ರೀನ್ ಕಾರ್ಡಿಗೆ ಕಾಯುವ ನಮ್ಮ ಹುಡುಗರು ಹೇಳುವ ಎರಡು ದಾರಿಗಳೂ, ಕುಟುಂಬ ಮತ್ತು ಕೆಲಸ, ಇದರಲ್ಲಿವೆ. ಆದರೆ ಲೆಕ್ಕ ಹಾಕಿ ನೋಡಿ. ಹೊರಗಿನಿಂದ ಬಂದ ಗುಮಾಸ್ತನೊಬ್ಬನಿಗೆ ಸೇವೆಯ 14ನೇ ವರ್ಷ ಒಬ್ಬ ಮಗ, 16ನೇ ವರ್ಷ ಇನ್ನೊಬ್ಬ ಮಗ ಹುಟ್ಟಿದರೆನ್ನೋಣ. ತಮ್ಮ ಮುಲ್ಕಿ, ಅಣ್ಣ ತನ್ನದೇ 15 ವರ್ಷ ತುಂಬಿಸಿ ಪ್ರಮಾಣ ಮಾಡಬೇಕು. ಇನ್ನೊಂದು ಮಾತು. ಈ ನಾಲ್ಕು ದಾರಿಗಳಲ್ಲಿ ಎಲ್ಲಿಯೂ ತಾಯಿಯಿಲ್ಲ. ಗಂಡನಿಂದ ಹೆಂಡತಿಗೆ ನಾಡು ಸಿಗುತ್ತಿತ್ತು, ತಾಯಿಯಿಂದ ಮಗನಿಗೆ ಸಿಗುತ್ತಿರಲಿಲ್ಲ.

ಹಾಗಾದರೆ ಭಾಲ್ಕಿಯ ಕನ್ನಡದ ಹುಡುಗನಿಗೆ ಮುಲ್ಕಿ ಎನಿಸಿಕೊಂಡು ಏನು ದಕ್ಕಿತು? ಬಹಳವಿಲ್ಲ. ಕಚೇರಿಯ ಭಾಷೆ ಉರ್ದು, 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದು. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದು ಈ ಕಾಲದಲ್ಲಿಯೇ. ಸ್ವಂತ ನಾಡಿನಲ್ಲಿ ಮುಲ್ಕಿಯಾಗಿದ್ದೂ ಭಾಷೆಯಿಂದ ಗೈರ್‌ಮುಲ್ಕಿಯಾದವರ ಕಥೆಯಿದು.

1948ರ ಪೊಲೀಸ್ ಕಾರ್ಯಾಚರಣೆಯ ನಂತರ ಹೊರಗಿನ ನೌಕರರ ಇನ್ನೊಂದು ಅಲೆ ಬಂತು. ಮುಲ್ಕಿ ಪ್ರಮಾಣಪತ್ರಗಳು ಸುಳ್ಳೇ ಸಿಗುತ್ತಿವೆಯೆಂದು ವಿದ್ಯಾರ್ಥಿಗಳು ಆರೋಪಿಸಿದರು. 1952ರಲ್ಲಿ ಬೂರ್ಗುಲ ರಾಮಕೃಷ್ಣರಾವ್ ಮುಖ್ಯಮಂತ್ರಿಯಾಗಿದ್ದಾಗ 'ಗೈರ್‌ಮುಲ್ಕಿ ಗೋ ಬ್ಯಾಕ್' ಎಂಬ ಕೂಗು ವಾರಂಗಲ್ಲಿನಿಂದ ಹೈದರಾಬಾದಿಗೆ ಹಬ್ಬಿತು. ಸೆಪ್ಟೆಂಬರ್ ಮೊದಲ ವಾರ ಹೈದರಾಬಾದಿನಲ್ಲಿ ಗೋಲಿಬಾರ್ ಆಗಿ ಜೀವಗಳು ಹೋದವು.

ಮುಂದಿನದು ಬೀದರಿನವರು ಇಂದಿಗೂ ನೆನೆದು ಬೇಸರಪಡಬಹುದಾದ ಸಂಗತಿ. 1957ರಲ್ಲಿ ಸಂಸತ್ತು ನೌಕರಿಗೆ ವಾಸದ ಷರತ್ತನ್ನು ರದ್ದುಪಡಿಸುವ ಕಾನೂನು ಮಾಡಿತು. ವಿನಾಯಿತಿ ಸಿಕ್ಕಿದ್ದು ತೆಲಂಗಾಣ, ಹಿಮಾಚಲ, ಮಣಿಪುರ, ತ್ರಿಪುರಾಗಳಿಗೆ ಮಾತ್ರ. ಒಂದೇ ನಿಜಾಮನ ಪ್ರಜೆಗಳಾಗಿದ್ದರೂ ಗಡಿಯಾಚೆಯ ಜಹೀರಾಬಾದಿಗೆ ರಕ್ಷಣೆ ಇತ್ತು, ಈಚೆಯ ಬೀದರಿಗೆ ಇರಲಿಲ್ಲ. ತೆಲಂಗಾಣದ ಆ ವಿನಾಯಿತಿಯೂ ಕೋರ್ಟು ಕಟ್ಟೆ ಹತ್ತಿತು. 1969ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು, 1972ರಲ್ಲಿ ಮುಲ್ಕಿ ನಿಯಮಗಳನ್ನೇ ಎತ್ತಿ ಹಿಡಿಯಿತು. ಅದರ ಬೆನ್ನಿಗೇ ಆಂಧ್ರದಲ್ಲಿ ಬೆಂಕಿ ಹೊತ್ತಿ, 1973ರಲ್ಲಿ ಆ ನಿಯಮಗಳು ರದ್ದಾದವು.

ಈ ಕಡೆಯ ಪಾಳಿ ಬಂದದ್ದು ತೀರ ತಡವಾಗಿ. ಸಂವಿಧಾನದ 98ನೇ ತಿದ್ದುಪಡಿಯಿಂದ ಸೇರಿದ 371(ಜೆ) ವಿಧಿ 2013ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಹುಟ್ಟಿನಿಂದ ಅಥವಾ ವಾಸದಿಂದ ಈ ಪ್ರದೇಶಕ್ಕೆ ಸೇರಿದವರಿಗೆ ನೌಕರಿ, ಶಿಕ್ಷಣದಲ್ಲಿ ಮೀಸಲು. ಅರ್ಹತಾ ಪ್ರಮಾಣಪತ್ರ ಕೊಡುವವರು ಸಹಾಯಕ ಆಯುಕ್ತರು. ಅಲ್ಲಿ ಉದಗೀರದಿಂದ ಬಂದ ಭಾಲ್ಕಿಯ ಸೊಸೆ, ತನ್ನ ತವರೂ ಬೀದರ್ ಜಿಲ್ಲೆಯೇ ಆಗಿತ್ತು, ತನ್ನ ಅಜ್ಜನೂ ಮುಲ್ಕಿಯೇ ಆಗಿದ್ದನೆಂದು ಹೇಳಿಕೊಂಡರೂ 'ಹುಟ್ಟಿನಿಂದ' ಎಂಬ ಮಾತು ಅವಳಿಗೆ ಅನ್ವಯಿಸದು. ಅವಳ ಊರು ಈಗ ಲಾತೂರು ಜಿಲ್ಲೆಯಲ್ಲಿದೆ.