ಸ್ಪೋರ್ಟಿ ಕಾರು ತಗೊಳ್ತೀರಾ? ಹಿಂದಿನ ಚಕ್ರಕ್ಕೆ ಶಕ್ತಿಯೋ, ನಾಲ್ಕೂ ಚಕ್ರಕ್ಕೋ: ಮೊದಲು ಇದನ್ನು ಓದಿ

ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಬೆಳೆದ ಮೇಲೆ ಬಿಎಂಡಬ್ಲ್ಯೂ, ಆಡಿ, ಆಕ್ಟೇವಿಯಾ ಆರ್‌ಎಸ್‌ನಂಥ ಕಾರುಗಳು ತಾಲ್ಲೂಕು ಕೇಂದ್ರಗಳಲ್ಲೂ ಕಾಣ್ತಿವೆ. ಇಂಥ ಕಾರು ನೋಡೋಕೆ ಹೋದರೆ ಮಾರುವವರು ಹೇಳೋ ಮಾತು ಒಂದೇ: "ಆಲ್ ವ್ಹೀಲ್ ಡ್ರೈವ್ ಇದೆ ಸಾರ್, ಮಳೆಗಾಲದಲ್ಲೂ ಭಯ ಇಲ್ಲ." ಈ ಮಾತು ಅರ್ಧ ನಿಜ. ಉಳಿದರ್ಧ ಗೊತ್ತಾಗೋದು ಒದ್ದೆ ಘಾಟಿಯ ತಿರುವಿನಲ್ಲಿ. ಅಷ್ಟೊತ್ತಿಗೆ ತಡವಾಗಿರುತ್ತೆ. ಅದಕ್ಕೇ ದುಡ್ಡು ಕೊಡುವ ಮೊದಲು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಯಾವ ಚಕ್ರಕ್ಕೆ ಶಕ್ತಿ?

ಕಾರಿಗೆ ನಾಲ್ಕು ಚಕ್ರ ಇದ್ದರೂ ಎಂಜಿನ್ ನಾಲ್ಕನ್ನೂ ತಿರುಗಿಸಲೇಬೇಕು ಅಂತಿಲ್ಲ.

• ಮುಂದಿನ ಚಕ್ರ: ಸ್ವಿಫ್ಟ್, ಐ20, ಇನ್ನೋವಾ ಹೈಕ್ರಾಸ್ ಎಲ್ಲಾ ಹೀಗೇ. ಸ್ಪೋರ್ಟಿ ಕಾರುಗಳಲ್ಲೂ ಇದೆ. 2020ರಲ್ಲಿ ಭಾರತಕ್ಕೆ ಬರೀ 200 ಬಂದ ಆಕ್ಟೇವಿಯಾ ಆರ್‌ಎಸ್ 245 ಮುಂದಿನ ಚಕ್ರದ ಕಾರೇ.
• ಹಿಂದಿನ ಚಕ್ರ: ಈಕೋ, ಬೊಲೆರೊ, ಇನ್ನೋವಾ ಕ್ರಿಸ್ಟಾ. ಸ್ಪೋರ್ಟಿ ಸಾಲಿನಲ್ಲಿ ಬಿಎಂಡಬ್ಲ್ಯೂ 330ಐ.
• ನಾಲ್ಕೂ ಚಕ್ರ: ಆಡಿಯಲ್ಲಿ ಇದರ ಹೆಸರು ಕ್ವಾಟ್ರೊ, ಬಿಎಂಡಬ್ಲ್ಯೂನಲ್ಲಿ ಎಕ್ಸ್‌ಡ್ರೈವ್, ಮರ್ಸಿಡಿಸ್‌ನಲ್ಲಿ 4ಮ್ಯಾಟಿಕ್. ಬಿಎಂಡಬ್ಲ್ಯೂ ಎಂ340ಐ ಈ ಸಾಲಿನದು.

ಥಾರ್, ಜಿಮ್ನಿಯ ಫೋರ್ ಬೈ ಫೋರ್ ಬೇರೆ ಲೆಕ್ಕ. ಅದನ್ನು ಲಿವರ್ ಎಳೆದು ಹಾಕಿಕೊಳ್ಳಬೇಕು. ಹಾಕಿದಾಗ ಮುಂದಿನ, ಹಿಂದಿನ ಚಕ್ರಗಳು ಒಂದಕ್ಕೊಂದು ಕಟ್ಟಿದ ಹಾಗೆ ತಿರುಗುತ್ತವೆ. ಕೆಸರು, ಮರಳಿಗೆ ಅದು ಸರಿ. ಒಣ ಟಾರ್ ರಸ್ತೆಯಲ್ಲಿ ಹಾಕಿಕೊಂಡು ಓಡಿಸಿದರೆ ತಿರುವಿನಲ್ಲಿ ಬಿಗಿಯಾಗಿ ಗೇರ್, ಶಾಫ್ಟ್‌ಗೆ ಪೆಟ್ಟು. ಸ್ಪೋರ್ಟಿ ಕಾರಿನ ಆಲ್ ವ್ಹೀಲ್ ಡ್ರೈವ್ ಯಾವ ಚಕ್ರಕ್ಕೆ ಎಷ್ಟು ಶಕ್ತಿ ಬೇಕೋ ಅಷ್ಟನ್ನು ತಾನೇ ಹಂಚುತ್ತೆ. ಹಾಗಾಗಿ ಅದನ್ನು ಟಾರ್ ಮೇಲೂ ಓಡಿಸಬಹುದು.

ಎಲ್ಲಾ ಟೈರ್‌ನ ಲೆಕ್ಕ

ಟೈರ್‌ನ ಹಿಡಿತ ಗಲ್ಲಾದಲ್ಲಿರೋ ದುಡ್ಡಿನ ಹಾಗೆ. ಕಾರನ್ನು ಮುಂದೆ ತಳ್ಳೋದು, ತಿರುಗಿಸೋದು, ನಿಲ್ಲಿಸೋದು, ಮೂರಕ್ಕೂ ಅದರಿಂದಲೇ ಖರ್ಚು. ತಿರುವಿಗೆ ಹೆಚ್ಚು ಹೋದರೆ ತಳ್ಳೋಕೆ ಕಡಿಮೆ ಉಳಿಯುತ್ತೆ. ಗಲ್ಲಾ ಖಾಲಿ ಆದ ಕ್ಷಣ ಟೈರ್ ಜಾರುತ್ತೆ. ಮಳೆ ಬಂದರೆ ಗಲ್ಲಾದಲ್ಲಿರೋ ದುಡ್ಡೇ ಕಮ್ಮಿ.

ಹಿಂದಿನ ಚಕ್ರದ ಕಾರಿನಲ್ಲಿ ಕೆಲಸ ಹಂಚಿಕೆಯಾಗಿದೆ. ಮುಂದಿನ ಟೈರ್ ತಿರುಗಿಸುತ್ತೆ, ಹಿಂದಿನದು ತಳ್ಳುತ್ತೆ. ಆಕ್ಸಿಲರೇಟರ್ ಒತ್ತಿದಾಗ ಕಾರಿನ ಭಾರ ಹಿಂದಕ್ಕೆ ವಾಲುತ್ತೆ, ಆಗ ಹಿಂದಿನ ಟೈರ್ ರಸ್ತೆಯನ್ನು ಗಟ್ಟಿಯಾಗಿ ಹಿಡಿಯುತ್ತೆ. ಸ್ಟಿಯರಿಂಗ್ ಹಗುರ, ಸ್ಪಷ್ಟ. ಓಡಿಸೋದರಲ್ಲಿ ಖುಷಿ ಕಾಣುವವರು ಇದನ್ನು ಇಷ್ಟಪಡೋದು ಇದಕ್ಕೇ. ಹಿಂದಿನ ಚಕ್ರಕ್ಕೆ ಭಾರ ಎಷ್ಟು ಮುಖ್ಯ ಅಂತ ನಮ್ಮ ಪಿಕಪ್ ಓಡಿಸುವವರನ್ನು ಕೇಳಿ. ಖಾಲಿ ಗಾಡಿ ಕೆಸರಲ್ಲಿ ನಿಂತಲ್ಲೇ ಚಕ್ರ ಸುತ್ತುತ್ತೆ, ಲೋಡ್ ಹಾಕಿದರೆ ಅದೇ ಏರು ಹತ್ತುತ್ತೆ.

ತೊಂದರೆ ಎಲ್ಲಿ ಅಂದ್ರೆ, ಒದ್ದೆ ತಿರುವಿನಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಹಿಂಭಾಗ ಹೊರಗೆ ಜಾರಿ ಕಾರು ಅಡ್ಡ ತಿರುಗಬಹುದು. ಇದಕ್ಕೆ ಓವರ್‌ಸ್ಟಿಯರ್ ಅಂತಾರೆ. ಈಗಿನ ಕಾರುಗಳಲ್ಲಿ ಇಎಸ್‌ಸಿ ಅನ್ನೋ ವ್ಯವಸ್ಥೆ ಎಂಜಿನ್ ಶಕ್ತಿ ತಗ್ಗಿಸಿ, ಬೇಕಾದ ಚಕ್ರಕ್ಕೆ ಬ್ರೇಕ್ ಹಾಕಿ ಬಹಳಷ್ಟು ಸಲ ಕಾಪಾಡುತ್ತೆ. ಅದನ್ನು ಆಫ್ ಮಾಡಿ ಓಡಿಸೋದು ಸಾರ್ವಜನಿಕ ರಸ್ತೆಯಲ್ಲಿ ಶೋಕಿ ಅಲ್ಲ, ಹುಚ್ಚಾಟ.

ಆಲ್ ವ್ಹೀಲ್ ಡ್ರೈವ್‌ನಲ್ಲಿ ತಳ್ಳುವ ಕೆಲಸವನ್ನು ನಾಲ್ಕು ಟೈರ್ ಹಂಚಿಕೊಳ್ಳುತ್ತವೆ. ನಿಂತಲ್ಲಿಂದ ಹೊರಡುವಾಗ, ಒದ್ದೆ ಏರು ಹತ್ತುವಾಗ, ಮನೆ ಮುಂದಿನ ಕೆಂಪು ಮಣ್ಣಿನ ದಾರಿಯಲ್ಲಿ ಇದರ ಲಾಭ ಕಣ್ಣಿಗೆ ಕಾಣುತ್ತೆ. ಗದ್ದೆ ಕೆಸರಲ್ಲಿ ಫೋರ್ ವ್ಹೀಲ್ ಡ್ರೈವ್ ಟ್ರ್ಯಾಕ್ಟರ್ ಯಾಕೆ ಚೆನ್ನಾಗಿ ಎಳೆಯುತ್ತೆ ಅಂತ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಬ್ರೇಕ್?

ಮಾರುವವರು ಹೇಳದೇ ಬಿಡೋ ಭಾಗ ಇದು. ಮಾರುತಿ ಆಗಲಿ, ಆಡಿ ಆಗಲಿ, ಬ್ರೇಕ್ ಎಲ್ಲಾ ಕಾರಿನಲ್ಲೂ ನಾಲ್ಕೂ ಚಕ್ರಕ್ಕೇ ಇದೆ. ಅಂದ್ರೆ ಕಾರು ನಿಲ್ಲಿಸುವಾಗ ಆಲ್ ವ್ಹೀಲ್ ಡ್ರೈವ್‌ನಿಂದ ಹೆಚ್ಚಿನ ಲಾಭ ಇಲ್ಲ. ಹೆಚ್ಚುವರಿ ಶಾಫ್ಟ್, ಗೇರ್‌ಗಳಿಂದ ಕಾರಿನ ತೂಕ ಒಂದಿಷ್ಟು ಜಾಸ್ತಿಯೇ ಆಗಿರುತ್ತೆ. ಇಳಿಜಾರಿನ ತಿರುವಿಗೆ ಅತಿ ವೇಗದಲ್ಲಿ ಬಂದರೆ ನಾಲ್ಕು ಚಕ್ರದ ಕಾರೂ ನೇರ ಹೊರಗೆ ಹೋಗುತ್ತೆ.

ಇನ್ನೊಂದು ಅಪಾಯ ಇದೆ. ಹಿಂದಿನ ಚಕ್ರದ ಕಾರು ಒದ್ದೆ ರಸ್ತೆಯಲ್ಲಿ ಹೊರಡುವಾಗಲೇ ಸ್ವಲ್ಪ ಜಾರಿ ಎಚ್ಚರಿಸುತ್ತೆ. ಆಲ್ ವ್ಹೀಲ್ ಡ್ರೈವ್ ಹಾಗೆ ಜಾರದೆ ಸಲೀಸಾಗಿ ವೇಗ ಹಿಡಿಯುತ್ತೆ. ರಸ್ತೆ ಎಷ್ಟು ಜಾರುತ್ತಿದೆ ಅನ್ನೋದು ಓಡಿಸುವವರಿಗೆ ತಿಳಿಯೋದು ಬ್ರೇಕ್ ಒತ್ತಿದಾಗಲೇ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಯಲ್ಲಿ ಮಳೆಗಾಲದಲ್ಲಿ ಇಳಿಯುವವರು ಇದನ್ನು ನೆನಪಲ್ಲಿಟ್ಟುಕೊಳ್ಳಿ.

ರ‍್ಯಾಲಿಯಲ್ಲಿ ಏನಾಯ್ತು?

ಆಡಿ ಕ್ವಾಟ್ರೊ ಕಾರು 1980ರ ಜಿನೀವಾ ಮೋಟಾರ್ ಶೋನಲ್ಲಿ ಹೊರಬಂತು. ಮಣ್ಣು, ಹಿಮದ ಮೇಲೆ ಅದರ ಓಟ ನೋಡಿ ರ‍್ಯಾಲಿ ಜಗತ್ತೇ ಬದಲಾಯ್ತು. 1982ರಲ್ಲಿ ವಿಶ್ವ ರ‍್ಯಾಲಿಯ ತಯಾರಕರ ಪ್ರಶಸ್ತಿ ಆಡಿಗೆ ಸಿಕ್ಕಿತು.

ಆದರೆ 1983ರಲ್ಲಿ ಇಟಲಿಯ ಲ್ಯಾನ್ಸಿಯಾ ಕಂಪನಿ ಹಿಂದಿನ ಚಕ್ರದ ಹಗುರ ಕಾರು '037' ಇಟ್ಟುಕೊಂಡೇ ಆಡಿಯನ್ನು ಎದುರಿಸಿತು. ಟಾರ್ ರಸ್ತೆಯ ರ‍್ಯಾಲಿಗಳಲ್ಲಿ ಹಗುರ ಕಾರಿನ ಕೈ ಮೇಲಾಯ್ತು. ಆ ವರ್ಷದ ಮಾಂಟೆ ಕಾರ್ಲೊ ರ‍್ಯಾಲಿಯನ್ನು ವಾಲ್ಟರ್ ರೋರ್ಲ್ ಇದೇ ಕಾರಿನಲ್ಲಿ ಗೆದ್ದರು. ವರ್ಷದ ಕೊನೆಗೆ ತಯಾರಕರ ಪಟ್ಟಿಯಲ್ಲಿ ಲ್ಯಾನ್ಸಿಯಾಗೆ 118, ಆಡಿಗೆ 116 ಅಂಕ. ಚಾಲಕರ ಪ್ರಶಸ್ತಿ ಮಾತ್ರ ಆಡಿಯ ಹನ್ನು ಮಿಕ್ಕೋಲಾ ಪಾಲಾಯ್ತು. ಅಲ್ಲಿಂದ ಈಚೆಗೆ ಎರಡು ಚಕ್ರದ ಎಳೆತದ ಯಾವ ಕಾರೂ ಆ ತಯಾರಕರ ಪ್ರಶಸ್ತಿ ಗೆದ್ದಿಲ್ಲ.

ಫಾರ್ಮುಲಾ ಒನ್ ಕಥೆ ಉಲ್ಟಾ. 1969ರಲ್ಲಿ ಲೋಟಸ್, ಮಾಟ್ರಾ, ಮೆಕ್‌ಲಾರೆನ್ ತಂಡಗಳು ನಾಲ್ಕು ಚಕ್ರದ ಎಳೆತ ಪ್ರಯತ್ನಿಸಿ ಕೈಬಿಟ್ಟವು. ನುಣುಪು ಟ್ರ್ಯಾಕ್, ಅಗಲ ಟೈರ್ ಇದ್ದಾಗ ಹೆಚ್ಚುವರಿ ತೂಕ ಬರೀ ಹೊರೆ. ಅಂದ್ರೆ ಯಾವುದು ಮೇಲು ಅನ್ನೋದನ್ನು ಕಾರಿಗಿಂತ ರಸ್ತೆಯೇ ಹೆಚ್ಚು ನಿರ್ಧರಿಸುತ್ತೆ.

ವೇಗದ ಅಂಕಿ ನೋಡಿ ಮೋಸ ಹೋಗಬೇಡಿ

2022ರಲ್ಲಿ ಭಾರತಕ್ಕೆ ಬಂದ ಕಿಯಾ ಇವಿ6 ಎಲೆಕ್ಟ್ರಿಕ್ ಕಾರು ಎರಡೂ ರೂಪದಲ್ಲಿ ಬಂತು. ಬ್ಯಾಟರಿ ಒಂದೇ, 77.4 ಕಿಲೋವ್ಯಾಟ್ ಅವರ್. ಹಿಂದಿನ ಚಕ್ರದ್ದಕ್ಕೆ 229 ಪಿಎಸ್, ಎರಡು ಮೋಟಾರಿನ ಆಲ್ ವ್ಹೀಲ್ ಡ್ರೈವ್‌ಗೆ 325 ಪಿಎಸ್ ಶಕ್ತಿ. ಎರಡನೆಯದು ಬೇಗ ವೇಗ ಹಿಡಿಯುತ್ತೆ ನಿಜ. ಆದರೆ ಅದರಲ್ಲಿ ನಾಲ್ಕು ಚಕ್ರದ ಪಾಲು ಎಷ್ಟು, ಹೆಚ್ಚುವರಿ ಶಕ್ತಿಯ ಪಾಲು ಎಷ್ಟು? ಎರಡೂ ಸೇರಿರುತ್ತೆ. ಶೋರೂಂನಲ್ಲಿ ಸೊನ್ನೆಯಿಂದ ನೂರರ ಲೆಕ್ಕ ಹೇಳಿದಾಗ ಈ ಪ್ರಶ್ನೆ ಕೇಳಿ.

ಖರ್ಚಿನ ಲೆಕ್ಕ

• ಟೈರ್: ಆಲ್ ವ್ಹೀಲ್ ಡ್ರೈವ್‌ನಲ್ಲಿ ನಾಲ್ಕೂ ಟೈರ್ ಒಂದೇ ಅಳತೆಯಲ್ಲಿ, ಹೆಚ್ಚು ಕಡಿಮೆ ಒಂದೇ ಸಮ ಸವೆದಿರಬೇಕು. (ಮುಂದೆ ಹಿಂದೆ ಬೇರೆ ಸೈಜ್ ಕೊಟ್ಟಿದ್ದರೆ ಕಂಪನಿ ಹೇಳಿದ ಸೈಜೇ ಹಾಕಬೇಕು.) ಒಂದು ಟೈರ್ ಒಡೆದರೆ ಹಲವು ಸಲ ಜೋಡಿ ಅಥವಾ ನಾಲ್ಕೂ ಬದಲಿಸಬೇಕಾಗುತ್ತೆ. ಒಂದೇ ಹೊಸ ಟೈರ್ ಹಾಕಿ ಓಡಿಸಿದರೆ ಶಕ್ತಿ ಹಂಚುವ ಭಾಗ ಸವೆಯುತ್ತೆ. ಅದರ ರಿಪೇರಿ ಟೈರ್‌ಗಿಂತ ಭಾರಿ.
• ಆಯಿಲ್: ಗೇರ್‌ಬಾಕ್ಸ್ ಜೊತೆಗೆ ಟ್ರಾನ್ಸ್‌ಫರ್ ಕೇಸ್, ಡಿಫರೆನ್ಶಿಯಲ್ ಆಯಿಲ್ ಸಹ ನೋಡಿಕೊಳ್ಳಬೇಕು.
• ಇಂಧನ: ತೂಕ ಮತ್ತು ತಿರುಗುವ ಭಾಗಗಳು ಜಾಸ್ತಿ, ಮೈಲೇಜ್ ಸ್ವಲ್ಪ ಕಡಿಮೆ.
• ಟೋಯಿಂಗ್: ಕೆಟ್ಟು ನಿಂತಾಗ ಎರಡು ಚಕ್ರ ಎತ್ತಿ ಎಳೆಸಬೇಡಿ. ಗಾಡಿಯನ್ನು ಪೂರ್ತಿ ಮೇಲೆ ಹತ್ತಿಸುವ ಫ್ಲ್ಯಾಟ್‌ಬೆಡ್ ಲಾರಿಯನ್ನೇ ಕರೆಸಿ. ಈ ವಿಷಯ ನಮ್ಮ ಗ್ಯಾರೇಜಿನವರಿಗೂ ಗೊತ್ತಿರಲಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋ ಮುಂಚೆ

1. ಹೆಸರು ನೋಡಿ ನಂಬಬೇಡಿ. ಆಡಿ ಅಂದಮಾತ್ರಕ್ಕೆ ಕ್ವಾಟ್ರೊ ಅಲ್ಲ. ಎ4 ಇಲ್ಲಿ ಮುಂದಿನ ಚಕ್ರದ ಎಳೆತದಲ್ಲೂ ಮಾರಾಟವಾಗಿದೆ. ಬ್ಯಾಡ್ಜ್ ಅಂಟಿಸೋದು ಸುಲಭ. ಚಾಸಿ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ.
2. ನಾಲ್ಕೂ ಟೈರ್‌ನ ಬ್ರ್ಯಾಂಡ್, ಸೈಜ್, ತಯಾರಾದ ವಾರ ನೋಡಿ. ಆಲ್ ವ್ಹೀಲ್ ಡ್ರೈವ್‌ನಲ್ಲಿ ಬೇರೆ ಬೇರೆ ಟೈರ್ ಇದ್ದರೆ ಚೌಕಾಸಿಗೆ ಕೂರಿ, ಇಲ್ಲವೇ ಬಿಟ್ಟುಬಿಡಿ.
3. ಖಾಲಿ ಜಾಗದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತಿಸಿ. ಕಟಕಟ ಸದ್ದು, ಹಿಡಿದ ಹಾಗೆ ಎಳೆತ ಇದ್ದರೆ ಮೆಕ್ಯಾನಿಕ್‌ಗೆ ತೋರಿಸಿ.
4. ಸರ್ವಿಸ್ ದಾಖಲೆಯಲ್ಲಿ ಡಿಫರೆನ್ಶಿಯಲ್ ಆಯಿಲ್ ಬದಲಿಸಿದ್ದು ಇದೆಯಾ ನೋಡಿ.

ಹಾಗಾದ್ರೆ ಯಾವುದು?

ದಿನಾ ಒಣ ಹೆದ್ದಾರಿ, ಓಡಿಸೋದೇ ಖುಷಿ ಅನ್ನುವವರಿಗೆ ಹಿಂದಿನ ಚಕ್ರದ ಕಾರು ಸಾಕು. ಖರ್ಚೂ ಕಡಿಮೆ. ಮಲೆನಾಡಿನ ಕಡೆ ಮನೆ, ಏರು ದಾರಿ, ಎಂಜಿನ್ ಶಕ್ತಿ 300 ಎಚ್‌ಪಿ ದಾಟಿದೆ ಅಂದ್ರೆ ಆಲ್ ವ್ಹೀಲ್ ಡ್ರೈವ್‌ಗೆ ಅರ್ಥ ಇದೆ.

ಯಾವುದೇ ತಗೊಳ್ಳಿ, ಮೊದಲ ದುಡ್ಡು ಟೈರ್‌ಗೆ ಹೋಗಲಿ. ಟ್ರೆಡ್ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಕಾನೂನು ಪ್ರಕಾರವೇ ಆ ಟೈರ್ ರಸ್ತೆಗೆ ಯೋಗ್ಯ ಅಲ್ಲ. ಟೈರ್‌ನ ಗೆರೆಗಳ ನಡುವೆ ಇರುವ ಸಣ್ಣ ಉಬ್ಬು ಸಮಕ್ಕೆ ಬಂದಿದೆ ಅಂದ್ರೆ ಮುಗೀತು. ಮಳೆಗಾಲಕ್ಕೆ ಅಷ್ಟು ಸವೆಯೋವರೆಗೂ ಕಾಯಲೇಬೇಡಿ. ಬೋಳು ಟೈರ್ ಹಾಕಿದ ಆಲ್ ವ್ಹೀಲ್ ಡ್ರೈವ್‌ಗಿಂತ, ಒಳ್ಳೆ ಟೈರ್ ಹಾಕಿ ನಿಧಾನಕ್ಕೆ ಇಳಿಯೋ ಹಳೇ ಸ್ವಿಫ್ಟ್ ಘಾಟಿಯಲ್ಲಿ ಹೆಚ್ಚು ಸುರಕ್ಷಿತ.